ಗುಂಡಿಯ ಅಂಚಿನಲ್ಲಿ ಹೆಸರು ಕೂಗಬಾರದು

ಮಂಡಿಕಲ್ ಕಡೆಯ ನಮ್ಮ ಹಳೆಯ ಕಲ್ಲು ಕ್ವಾರಿಯ ಸುತ್ತ ಈಗ ನಡಿಗೆಯ ಹಾದಿಯಾಗಿದೆ. ಭಾನುವಾರ ಬೆಳಿಗ್ಗೆ ಜನ ಬೂಟು ಬಿಗಿದುಕೊಂಡು, ನೀರಿನ ಬಾಟಲಿ ಹಿಡಿದು ಬರುತ್ತಾರೆ. ನಾವು ಬಂಡೆ ಒಡೆದ ಜಾಗಗಳನ್ನು ನೋಡಿಕೊಂಡು ಹೋಗುತ್ತಾರೆ. ಅವರನ್ನು ಕರೆದೊಯ್ಯುವ ಕೆಲಸಕ್ಕೆ ಹೊಸದಾಗಿ ಸೇರಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೇಲಿನ ಅಂಚಿನಲ್ಲಿ ನೀವು ನೆಟ್ಟಿದ್ದ 'ಪ್ರತಿಧ್ವನಿ ತಾಣ' ಎಂಬ ಹಲಗೆಯನ್ನು ನಾನು ಕೀಳಿಸಿದೆ. ಯಾಕೆಂದು ಕೇಳಿದಿರಿ. ನಿಂತ ನಿಲುವಿನಲ್ಲಿ ಹೇಳುವ ವಿಷಯ ಅದಲ್ಲ. ಒಬ್ಬ ಹೆಣ್ಣುಮಗಳು ಆ ಹಲಗೆಯ ಪಕ್ಕದಲ್ಲಿ ನಿಂತು, ತನ್ನ ತಂದೆ ಇಲ್ಲಿ ಹೇಗೆ ಸತ್ತರೆಂದು ನನ್ನನ್ನು ಕೇಳಿದಳು. ಅದು ಗೊತ್ತಿದ್ದವರಲ್ಲಿ ಬದುಕಿ ಉಳಿದಿರುವವನು ನಾನೊಬ್ಬನೇ. ಹೇಳಬೇಕೋ ಬೇಡವೋ ಎಂಬುದು ಆ ಬೆಳಿಗ್ಗೆ ನನ್ನ ಪಾಲಿಗೆ ಬಂತು.

ಮೊದಲು ಕೆಲಸ ಹೇಗಿತ್ತು ಎಂಬುದನ್ನು ಹೇಳುತ್ತೇನೆ. ಅದು ತಿಳಿಯದೆ ಉಳಿದದ್ದು ತಿಳಿಯುವುದಿಲ್ಲ.

ಬಂಡೆಗೆ ಕುಳಿ ಕೊರೆದು, ಮದ್ದು ತುಂಬಿ, ಸಿಡಿಸುವುದು ನನ್ನ ವೃತ್ತಿ. ಕೊನೆಗೆ ಲೈಸೆನ್ಸ್ ಪಡೆದ ಬ್ಲಾಸ್ಟರ್ ಆಗಿ ನಿವೃತ್ತನಾದೆ. ಸೇರಿದಾಗ ಮಾತ್ರ ಜೇಡಿಮಣ್ಣು ಹೊರುವ ಆಳು. ಮೊದಲ ದಿನ ಗುಂಡಿಗೆ ಇಳಿದಾಗ ಎಲ್ಲಪ್ಪ ಮೇಸ್ತ್ರಿ ಎದುರಿಗೆ ನಿಂತಿದ್ದರು. ಮದ್ದಿನ ಕೆಲಸಕ್ಕೆಲ್ಲ ಅವರೇ ಹಿರಿಯರು. ಚಿಂತಾಮಣಿ ಆಚೆಯವರು, ಸಿಟ್ಟು ಬಂದರೆ ತೆಲುಗು, ಸಮಾಧಾನವಾದರೆ ಕನ್ನಡ. ನಾನು ಕೈಮುಗಿದು, ಗಟ್ಟಿಯಾಗಿ ಹೆಸರು ಹೇಳಲು ಬಾಯಿ ತೆರೆದೆ. ಅವರು ಅಂಗೈಯಿಂದ ನನ್ನ ಬಾಯಿ ಮುಚ್ಚಿದರು.

"ಇಕ್ಕಡ ಪೇರು ವದ್ದು ನಾಯನಾ," ಎಂದರು. ಆಮೇಲೆ ಕನ್ನಡಕ್ಕೆ ಬಂದರು. "ಹೆಸರು ಮನೇಲಿಟ್ಟು ಬಾ. ಇಲ್ಲಿ ಊರು ಸಾಕು. ಯಾವೂರು?"

"ಮಂಡಿಕಲ್."

"ಇವತ್ತಿಂದ ನೀನು ಮಂಡಿಕಲ್. ಯಾರು ಹೆಸರಿಡಿದು ಕರೆದ್ರೂ ತಿರುಗಬೇಡ. ಮಂಡಿಕಲ್ ಅಂದ್ರೆ ಮಾತ್ರ ತಿರುಗು."

ಹಾಗೆ ಗುಂಡಿಯಲ್ಲಿ ಎಲ್ಲರೂ ಊರುಗಳಾಗಿದ್ದರು. ಒಬ್ಬ ತೊಂಡೇಬಾವಿ, ಒಬ್ಬ ನಗರಗೆರೆ. ಜಂಪರ್ ಹಿಡಿದ ತೊಂಡೇಬಾವಿ ಸುತ್ತಿಗೆ ಹಿಡಿದ ನಗರಗೆರೆಯನ್ನು ಬೈಯುತ್ತಿದ್ದ. ಜಂಪರ್ ಎಂದರೆ ಕುಳಿ ಕೊರೆಯುವ ಉದ್ದನೆಯ ಉಕ್ಕಿನ ಸರಳು. ಹೊರಗಿನವರು ಕೇಳಿದರೆ ಎರಡು ಊರುಗಳಿಗೆ ಜಗಳ ಹತ್ತಿದೆ ಎಂದುಕೊಳ್ಳಬೇಕು.

ಯಾಕೆ ಈ ಪದ್ಧತಿ ಎಂದು ಮೇಸ್ತ್ರಿಯನ್ನು ಕೇಳಿದ್ದೆ. ಸುತ್ತಿಗೆಗಳು ನಿಂತ ಒಂದು ಸಂಜೆ ಅವರು ನನ್ನನ್ನು ಗುಂಡಿಯ ನಡುವೆ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಎಲ್ಲಿಂದಲೋ "ಮಂಡಿಕಲ್" ಎಂದು ಕೂಗಿದರು. ನಾನು ಧ್ವನಿ ಬಂದ ಕಡೆಗೆ ನಡೆದೆ. ಕಣ್ಣು ಬಿಟ್ಟರೆ ಬಡಗಣ ಗೋಡೆಗೆ ಮೂಗು ತಗಲುವಷ್ಟು ಹತ್ತಿರವಿದ್ದೆ. ಮೇಸ್ತ್ರಿ ನನ್ನ ಬೆನ್ನ ಹಿಂದೆ, ಮೇಲಿನ ಅಂಚಿನಲ್ಲಿ ಬೀಡಿ ಹಚ್ಚುತ್ತಿದ್ದರು. "ನೋಡಿದ್ಯಾ? ಊರ ಹೆಸರಿಗೇ ಇಷ್ಟು. ಹೆತ್ತವರು ಇಟ್ಟ ಹೆಸರಾದ್ರೆ ಮನುಷ್ಯ ಯೋಚ್ನೆ ಮಾಡಲ್ಲ, ಹೋಗೇಬಿಡ್ತಾನೆ," ಎಂದರು.

ಆ ಗುಂಡಿಯ ಸ್ವಭಾವ ಹಾಗೆ. ಚಿಕ್ಕ ಮಾತನ್ನು ಇಡಿಯಾಗಿ ಹಿಂದಿರುಗಿಸುತ್ತದೆ. ಮಾತು ಉದ್ದವಾದರೆ ತಲೆ ತಿಂದು ಬಾಲವನ್ನಷ್ಟೇ ಕೊಡುತ್ತದೆ. ಅದೂ ಕೂಗಿದ ಕಡೆಯಿಂದಲ್ಲ, ಒಳಗಿನಿಂದ. ಸುತ್ತಿಗೆಗಳ ಸದ್ದಿನಲ್ಲಿ ಇದು ಗೊತ್ತಾಗುವುದಿಲ್ಲ. ಸಿಡಿಸುವ ಮುನ್ನ ಕೆಂಪು ಬಾವುಟ ಏರಿ, ಸುತ್ತಿಗೆಗಳೆಲ್ಲ ನಿಂತು ಗುಂಡಿ ಸುಮ್ಮನಾದಾಗ ಮಾತ್ರ ಅದು ಮಾತು ಕಲಿಯುತ್ತದೆ. ಆದ್ದರಿಂದ ಬಾವುಟ ಮೇಲಿರುವಾಗ ಅಂಚಿನಲ್ಲಿ ಯಾರೂ ಬಾಯಿ ಬಿಡಬಾರದು. ಸೀಟಿಯೊಂದೇ ಮಾತು.

ಬಾವುಟ ಎಂದಾಗ ಒಂದು ಫಜೀತಿ ನೆನಪಾಗುತ್ತದೆ. ನನ್ನನ್ನು ಬಾವುಟಕ್ಕೆ ಹಾಕಿದ ಹೊಸದರಲ್ಲಿ ಅದು ಕೊಳೆಯಾಗಿದೆಯೆಂದು ಮನೆಗೆ ಒಯ್ದೆ. ನನ್ನ ಹೆಂಡತಿ ಸೋಡಾದಲ್ಲಿ ಕುದಿಸಿ, ಒಗೆದು, ಚೆನ್ನಾಗಿ ಒಣಗಿಸಿ ಕೊಟ್ಟಳು. ಮರುದಿನ ನಾನು ಗಂಭೀರವಾಗಿ ಬಾವುಟ ಏರಿಸಿದರೆ ಒಬ್ಬರೂ ಕದಲಲಿಲ್ಲ. ಕೆಂಪು ಹೋಗಿ ಗುಲಾಬಿಯಾಗಿತ್ತು. "ಏನ್ ಮಂಡಿಕಲ್, ಯಾರದಪ್ಪ ನಾಮಕರಣ?" ಎಂದು ತೊಂಡೇಬಾವಿ ಕೆಳಗಿನಿಂದ ಕೇಳಿದ. ಮೇಸ್ತ್ರಿ ನಗಲಿಲ್ಲ. ಹೊಸ ಬಟ್ಟೆ ಬರುವವರೆಗೆ ಸಿಡಿತ ನಿಲ್ಲಿಸಿದರು. ಈ ವೃತ್ತಿಯಲ್ಲಿ ಅಚ್ಚುಕಟ್ಟು ಬೇಕು. ಯಾವುದನ್ನು ತೊಳೆಯಬಾರದು ಎಂಬುದೂ ಅಚ್ಚುಕಟ್ಟಿನಲ್ಲಿ ಸೇರಿದೆ.

ಇನ್ನೊಂದು ಕೆಲಸ ಕಿವಿಯದು. ಬೆಳಿಗ್ಗೆ ಇಳಿದ ಕೂಡಲೇ ಸುತ್ತಿಗೆಯ ಹಿಂಬದಿಯಿಂದ ಗೋಡೆಯನ್ನು ತಟ್ಟುತ್ತಾ ಹೋಗಬೇಕು. ಗಟ್ಟಿ ಬಂಡೆ ಕಂಚಿನಂತೆ ನುಡಿಯುತ್ತದೆ. ಒಳಗೆ ಬಿರುಕಿದ್ದರೆ ಒಡೆದ ಗಡಿಗೆಯಂತೆ. ಅಂಥ ಕಡೆ ಸುಣ್ಣದಲ್ಲಿ ಗುರುತು ಹಾಕಿ, ಬಂಡೆಯನ್ನು ಕೆಡವಿದ ಮೇಲೆಯೇ ಮುಂದಿನ ಮಾತು. ಮುಂದೆ ಕಂಪ್ರೆಷರ್ ಬಂತು, ಕೈಯಲ್ಲಿ ಕೊರೆಯುವುದು ನಿಂತಿತು. ಮದ್ದಿಗೆ ಬೆಂಕಿ ಮುಟ್ಟಿಸುವ ಬತ್ತಿ ಹೋಗಿ ಕರೆಂಟಿನಲ್ಲಿ ಸಿಡಿಸುವುದು ಬಂತು. ಕೊನೆಯ ವರ್ಷಗಳಲ್ಲಿ ವಜ್ರದ ಚೂರು ಕೂರಿಸಿದ ತಂತಿಯಿಂದ ಬಂಡೆಯನ್ನು ಬೆಣ್ಣೆಯಂತೆ ಕೊಯ್ಯುತ್ತಿದ್ದರು. ಸೈರನ್ ಕೂಡ ಬಂತು. ಒಬ್ಬ ಮ್ಯಾನೇಜರ್ ಇದ್ದರು. ಒಳ್ಳೆಯ ಮನುಷ್ಯ, ಆದರೆ ಎಲ್ಲರನ್ನೂ ಪೂರ್ತಿ ಹೆಸರಿನಿಂದ ಕರೆಯಬೇಕು, ಅದು ಗೌರವ ಎಂಬುದು ಅವರ ನಂಬಿಕೆ. ಆಫೀಸಿನಲ್ಲಿ ಎಷ್ಟು ಬೇಕಾದರೂ ಕರೆಯಿರಿ ಎಂದೆವು. ಅವರು ಒಂದು ಮಧ್ಯಾಹ್ನ ಬಾವುಟ ಏರಿದಾಗ ಅಂಚಿನಲ್ಲಿ ನಿಂತು ಕೆಮ್ಮಿದರು. ಗುಂಡಿ ಕೆಮ್ಮಿತು. ಆಮೇಲೆ ಅವರು ಆ ವಿಷಯ ಎತ್ತಲಿಲ್ಲ.

ಸೈರನ್ ಬಂದದ್ದು ನಗರಗೆರೆ ಸತ್ತ ಮೇಲೆ.

ಆಗಿನ್ನೂ ಬತ್ತಿಯ ಕಾಲ. ನಗರಗೆರೆ ನನಗಿಂತ ಹಿರಿಯ, ಮಾತು ಕಡಿಮೆ, ಕೈ ನೇರ. ಹೆಂಡತಿ ತೊಂಡೇಬಾವಿ ಊರಿನ ಕಡೆಯವಳು. ಇನ್ನೂ ಶಾಲೆಗೆ ಹೋಗದ ಒಬ್ಬಳೇ ಮಗಳು. ಕ್ವಾರಿಯ ಶೆಡ್ಡಿನಲ್ಲಿ ವಾಸ. ಬುತ್ತಿ ತರುವ ಹೆಂಗಸರು ಮಧ್ಯಾಹ್ನದ ಸಿಡಿತ ಮುಗಿದ ಮೇಲೆಯೇ ಅಂಚಿಗೆ ಬರುತ್ತಿದ್ದರು. ಆಮೇಲೆ ತಿಳಿದಂತೆ, ಆ ದಿನ ನಗರಗೆರೆಯ ಹೆಂಡತಿಗೆ ತವರಿಗೆ ಹೋಗಲು ರೈಲು ಹಿಡಿಯಬೇಕಿತ್ತು. ಬುತ್ತಿ ಕೊಟ್ಟು ಹೊರಟುಬಿಡೋಣವೆಂದು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬೇಗ ಬಂದಳು. ಬಂದದ್ದು ಪಡುವಣ ಅಂಚಿಗೆ, ಕಲ್ಲುಚೂರಿನ ರಾಶಿಯ ಹಿಂದಿನಿಂದ. ಆ ಕಡೆ ಕಾಯುತ್ತಿದ್ದ ಆಳಿಗೆ ರಾಶಿ ಅಡ್ಡವಾಗಿತ್ತು.

ನಾವೆಲ್ಲ ಮೂಡಣ ದಾರಿಯಲ್ಲಿ ಮೇಲೆ ಬಂದು ದೊಡ್ಡ ಗುಂಡುಕಲ್ಲಿನ ಮರೆಗೆ ಕೂತಿದ್ದೆವು. ಮೇಸ್ತ್ರಿ ಬತ್ತಿಗಳಿಗೆ ಬೆಂಕಿ ಕೊಟ್ಟು, ಮೇಲೆ ಬಂದು ನಮ್ಮ ಪಕ್ಕ ಕೂತರು. ನಗರಗೆರೆ ಸಾಲಿನ ಆ ತುದಿಯಲ್ಲಿದ್ದ. ಎಲ್ಲವೂ ನಿಯಮದಂತೆ ನಡೆದಿತ್ತು.

ಅಷ್ಟರಲ್ಲಿ ಅಂಚಿನಲ್ಲಿ ಇಳಿಸಿದ ಮಗು ತಾಯಿಯ ಕಣ್ಣಿಗೆ ಮರೆಯಾಯಿತು. ಆಕೆ ಒಂದೇ ಸಲ ಕೂಗಿದಳು.

"ಮಂಜುಳಾ."

ಆಕೆಯ ಕೂಗು ನಮಗೆ ಕೇಳಿಸಲಿಲ್ಲ. ನಮಗೆ ಕೇಳಿಸಿದ್ದು ಗುಂಡಿ ಕೂಗಿದ್ದು. ಕೆಳಗಿನಿಂದ, ಬತ್ತಿ ಉರಿಯುತ್ತಿದ್ದ ಜಾಗದಿಂದ, "ಮಂಜುಳಾ" ಎಂದು ಸ್ಪಷ್ಟವಾಗಿ ಬಂತು. ನಗರಗೆರೆ ಎದ್ದ. ಮಗಳು ಕೆಳಗಿದ್ದಾಳೆ, ಹೆಂಡತಿ ಅವಳ ಹಿಂದೆ ಇಳಿದಿದ್ದಾಳೆ ಎಂದೇ ಅವನು ತಿಳಿದಿರಬೇಕು. ನಾವು ಏಳುವಷ್ಟರಲ್ಲಿ ಇಳಿಜಾರಿನಲ್ಲಿ ಓಡುತ್ತಿದ್ದ. ಮೇಸ್ತ್ರಿ ತಮ್ಮ ನಿಯಮವನ್ನು ತಾವೇ ಮುರಿದು ಕಿರುಚಿದರು: "ನಗರಗೆರೇ, ಮೇಲೆ!" ಗುಂಡಿ ಒಳಗಿನಿಂದ "ಮೇಲೆ" ಎಂದಿತು. ಅವನ ಹೆಜ್ಜೆಯ ಸದ್ದು ಇನ್ನೂ ಒಳಗೆ ಹೋಯಿತು.

ಸಿಡಿತದ ಧೂಳು ಇಳಿದ ಮೇಲೆ ಪಡುವಣ ಅಂಚಿಗೆ ಹೋದೆವು. ಮಗು ಕಲ್ಲುರಾಶಿಯ ನೆರಳಲ್ಲಿ ಕೂತು, ಲಂಗದಲ್ಲಿ ಚೂರುಗಳನ್ನು ತುಂಬಿಕೊಳ್ಳುತ್ತಿತ್ತು. ಅದರ ಮೈಮೇಲೆ ಒಂದು ಗೀರೂ ಇರಲಿಲ್ಲ. ತಾಯಿ ಮಾತಾಡಲಿಲ್ಲ. ಆಕೆಯ ತವರಿನವರು ಬಂದು ಇಬ್ಬರನ್ನೂ ಕರೆದುಕೊಂಡು ಹೋದರು. ಏನಾಯಿತೆಂದು ಅವರು ಕೇಳಿದಾಗ ಮೇಸ್ತ್ರಿ, "ಆಯ ತಪ್ಪಿದ," ಎಂದಷ್ಟೇ ಹೇಳಿದರು. ಅದನ್ನೇ ಎಲ್ಲರೂ ಹೇಳಿದೆವು.

ಕ್ವಾರಿ ಮುಚ್ಚಿತು. ಗುಂಡಿಯಲ್ಲಿ ಹಸಿರು ನೀರು ನಿಂತಿತು. ಸುತ್ತಿನ ಹಟ್ಟಿಯವರು ಆಡು ಮೇಯಿಸಲೂ ಅಂಚಿಗೆ ಹೋಗುತ್ತಿರಲಿಲ್ಲ. ಮಧ್ಯಾಹ್ನದಲ್ಲಿ ಗುಂಡಿ ಮಗುವನ್ನು ಕರೆಯುತ್ತದೆ ಎಂಬ ಮಾತಿತ್ತು. ನಾನು ಆ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಹಾದಿ ಮಾಡುವಾಗ ಎಲ್ಲಿ ಕಾಲಿಡಬಹುದು, ಎಲ್ಲಿ ಬೇಡ ಎಂದು ಗುರುತು ಹಾಕಲು ನನ್ನನ್ನು ಕರೆದರು. ಸುಣ್ಣದ ಡಬ್ಬಿ ಮತ್ತು ಸುತ್ತಿಗೆ ಹಿಡಿದು ಒಬ್ಬನೇ ಹೋದೆ. ಬಿಸಿಲು ನೆತ್ತಿಗೆ ಬಂದಿತ್ತು. ಗಾಳಿಯಿರಲಿಲ್ಲ. ನೀರಿನ ಮಟ್ಟಕ್ಕೆ ಇಳಿದು ಬಡಗಣ ಗೋಡೆಯನ್ನು ತಟ್ಟಿದೆ; ನೀರಿನ ಆಚೆಯಿಂದ ಯಾರೋ ತಟ್ಟಿದಂತೆ ಮರುಸದ್ದು ಬಂತು. ಅದು ಇರಬೇಕಾದದ್ದೇ. ತಟ್ಟುವುದನ್ನು ನಿಲ್ಲಿಸಿದೆ. ಸುಮ್ಮನಾಯಿತು. ಆಗ ಕೆಳಗಿನಿಂದ ಒಂದು ಕೂಗಿನ ಬಾಲ ಬಂತು: "...ಳಾ." ಗಂಡಸಿನ ಧ್ವನಿ. ಮೇಲೆ ಹತ್ತಿ ಸುತ್ತಲೂ ನೋಡಿದೆ. ಹೊಲದಲ್ಲಿ ಜನವಿಲ್ಲ, ದಾರಿಯಲ್ಲಿ ಜನವಿಲ್ಲ. ಕೂಗಿದವರಿಲ್ಲದೆ ಗೋಡೆ ಹಿಂದಿರುಗಿಸುವುದಿಲ್ಲ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹಾಗಾಗಿರಲಿಲ್ಲ. ಉಳಿದ ಗುರುತುಗಳನ್ನು ಹಾಕಿ ಮುಗಿಸಿಯೇ ಬಂದೆ. ಕೇಳಿದ್ದನ್ನು ಕೇಳಿದಂತೆ ಬರೆದಿದ್ದೇನೆ. ವಿವರಣೆ ನನ್ನಲ್ಲಿಲ್ಲ.

ಇನ್ನು ಆ ಭಾನುವಾರ. ಶಿಡ್ಲಘಟ್ಟದ ನಯಾಜ್ ಜನರನ್ನು ಕರೆತಂದಿದ್ದ. ನಿಮ್ಮಲ್ಲಿ ಅವನೇ ಮೊದಲು ಈ ಕೆಲಸಕ್ಕೆ ಸೇರಿದವನು. ರೇಷ್ಮೆ ನೂಲು ಬಿಚ್ಚುವವರ ಮನೆಯ ಹುಡುಗ, ಮಾತಿನಲ್ಲಿ ಜಾಣ, ಹಲಗೆ ನೆಡುವ ಯೋಚನೆಯೂ ಅವನದೇ. ನಾನು ಹಾದಿಯ ಗುರುತುಗಳು ಸರಿಯಿವೆಯೇ ಎಂದು ನೋಡಲು ಹಿಂದೆ ಬರುತ್ತಿದ್ದೆ. ಹಲಗೆಯನ್ನು ಮೊದಲ ಬಾರಿ ಕಂಡದ್ದು ಅಂದೇ.

"ಬನ್ನಿ ಬನ್ನಿ, ಒಬ್ಬೊಬ್ಬರಾಗಿ ನಿಮ್ಮ ಹೆಸರು ಕೂಗಿ. ಗುಂಡಿ ವಾಪಸ್ ಕರೆಯುತ್ತೆ. ಫ್ರೀ ಸರ್ವೀಸ್," ಎಂದ ನಯಾಜ್. ಕಾಲೇಜಿನ ಹುಡುಗರು ಕೂಗಿದರು. ನಗು ಹೋಗಿ, ನಗು ಬಂತು.

ನಲವತ್ತು ದಾಟಿದ ಒಬ್ಬ ಹೆಂಗಸು ಅಂಚಿನ ತಡೆಕಂಬಿಯ ಬಳಿ ಬೇರೆಯಾಗಿ ನಿಂತಿದ್ದಳು. ನಯಾಜ್ ಅವಳ ಕಡೆ ತಿರುಗಿದ. "ಮೇಡಂ, ನೀವು ಕೂಗಲ್ವಾ? ನಾಚಿಕೆ ಆದ್ರೆ ನಾನೇ ಕೂಗ್ತೀನಿ. ಹೆಸರು ಹೇಳಿ."

"ಮಂಜುಳಾ."

ನಯಾಜ್ ಎದೆ ತುಂಬಾ ಉಸಿರು ತೆಗೆದುಕೊಂಡ. ನಾನು ಕೊರಳಲ್ಲಿದ್ದ ಹಳೆಯ ಸೀಟಿ ಊದಿದೆ. ಯೋಚಿಸಿ ಊದಿದ್ದಲ್ಲ. ಎಲ್ಲರೂ ನಿಂತಲ್ಲೇ ನಿಂತರು. ಗುಂಡಿಯೂ ಊದಿತು.

"ಏನ್ ಸಾರ್, ಹಾರ್ಟ್ ನಿಂತೋಯ್ತು," ಎಂದ ನಯಾಜ್.

"ಇವರನ್ನ ಹಳೇ ಮದ್ದಿನ ಮನೆ ಹತ್ರ ಕರ್ಕೊಂಡು ಹೋಗಪ್ಪ. ಯಾರೂ ಕೂಗಬಾರದು. ಹೋಗು."

ನನ್ನ ಮುಖ ನೋಡಿ ಅವನು ಮರುಮಾತಿಲ್ಲದೆ ಹೊರಟ. ಆಕೆ ಹೋಗಲಿಲ್ಲ.

"ನನ್ನ ಹೆಸರು ಕೇಳಿ ಊದಿದ್ರಿ," ಎಂದಳು. "ನೀವು ಇಲ್ಲಿ ಕೆಲಸ ಮಾಡ್ತಿದ್ರಾ?"

"ಹೂಂ."

"ನಮ್ಮಪ್ಪ ಇಲ್ಲೇ ಹೋಗಿದ್ದು. ನಗರಗೆರೆಯವರು. ಆವತ್ತು ನೀವಿದ್ರಾ?"

ಇದ್ದೆ ಎಂದೆ. ಆಯ ತಪ್ಪಿದರು ಎಂದೆ. ಆಕೆ ತಲೆಯಾಡಿಸಿದಳು.

"ಅದು ನಂಗೆ ಗೊತ್ತಿರೋ ಮಾತು. ನಾನು ಗೌರಿಬಿದನೂರಲ್ಲಿ ನರ್ಸು. ಜನಕ್ಕೆ ಕೆಟ್ಟ ಸುದ್ದಿ ಹೇಳೋದೇ ನನ್ನ ಡ್ಯೂಟಿ. ಸುತ್ತಿ ಬಳಸಿ ಹೇಳಿದ್ರೆ ಗೊತ್ತಾಗುತ್ತೆ."

ನಾನು ಸೀಟಿಯನ್ನು ಅಂಗಿಯೊಳಗೆ ಸೇರಿಸಿದೆ. ಆಕೆ ಮುಂದುವರಿಸಿದಳು.

"ನಮ್ಮಮ್ಮ ಮೊನ್ನೆ ತೀರ್ಕೊಂಡ್ರು. ಸಾಯೋತಂಕ ನನ್ನ ಹೆಸರಿಡಿದು ಕರೀಲಿಲ್ಲ. ಪಾಪ, ಪಾಪ ಅಂತಾನೇ ಕರೀತಿದ್ರು. ಆಸ್ಪತ್ರೆಯಲ್ಲಿ ಮಗಳ ಹೆಸರೇನಮ್ಮ ಅಂತ ಡಾಕ್ಟ್ರು ಕೇಳಿದ್ರೆ ಗೋಡೆ ಕಡೆ ತಿರುಗಿಬಿಟ್ರು. ಹೆಸರಿಟ್ಟೋರೂ ಅವರೇ. ನಾನೇನು ಮಾಡಿದ್ದೆ ಅಂತ ತಿಳ್ಕೊಬೇಕು, ಅಷ್ಟೇ."

ಆ ಪ್ರಶ್ನೆಯನ್ನು ಎಷ್ಟು ವರ್ಷದಿಂದ ಹೊತ್ತಿದ್ದಳೋ. ಹೇಳಿದರೆ ತನ್ನ ಹೆಸರೇ ತಂದೆಯನ್ನು ಕೆಳಗೆ ಕರೆಯಿತೆಂದು ತಿಳಿಯುತ್ತದೆ. ಹೇಳದಿದ್ದರೆ ತಾಯಿಗೆ ತಾನು ಬೇಡವಾಗಿದ್ದೆ ಎಂದೇ ಉಳಿಯುತ್ತದೆ. ತಟ್ಟಿ ನೋಡಿದಾಗ ಟೊಳ್ಳು ಸದ್ದು ಬಂದ ಬಂಡೆಯನ್ನು ಹಾಗೇ ಬಿಟ್ಟು ಹೋಗಬಾರದು. ಹೇಳಿದೆ. ಮೇಲೆ ಬರೆದಿರುವಷ್ಟನ್ನೂ, ಅದೇ ಕ್ರಮದಲ್ಲಿ, ರೈಲಿನಿಂದ ಹಿಡಿದು ಲಂಗದಲ್ಲಿದ್ದ ಕಲ್ಲುಚೂರಿನವರೆಗೆ.

ಆಕೆ ಅಳಲಿಲ್ಲ. ನೀರನ್ನು ನೋಡುತ್ತಿದ್ದಳು.

"ಅಂದ್ರೆ ಅಮ್ಮ ನನ್ನ ಮೇಲಿನ ಸಿಟ್ಟಿಗಲ್ಲ."

"ಅಲ್ಲ ತಾಯಿ. ಭಯಕ್ಕೆ. ಕರೆದ್ರೆ ಮತ್ತೆ ಯಾರು ಹೋಗ್ತಾರೋ ಅಂತ."

"ನೀವು ನಮ್ಮಪ್ಪನಿಗಿಂತ ದೊಡ್ಡವರಾ, ಚಿಕ್ಕವರಾ?"

"ಚಿಕ್ಕವನು."

"ಹಂಗಾದ್ರೆ ಚಿಕ್ಕಪ್ಪ," ಎಂದಳು. ಮತ್ತೆ ನೀರಿನ ಕಡೆ ತಿರುಗಿ ಕೇಳಿದಳು: "ಚಿಕ್ಕಪ್ಪ, ಇಲ್ಲಿ ಮಧ್ಯಾಹ್ನ ಏನೋ ಕೇಳುತ್ತೆ ಅಂತ ಕೆಳಗೆ ಟೀ ಅಂಗಡಿಯಮ್ಮ ಅಂದ್ರು. ಸುಳ್ಳಲ್ವಾ?"

ಸುಳ್ಳು ಎನ್ನಬಹುದಿತ್ತು. "ನಾನೂ ಕೇಳಿದೀನಿ," ಎಂದೆ.

"ಏನಂತ?"

"ನಿನ್ನ ಹೆಸರಿನ ಕೊನೆ."

ಆಕೆ ಕಂಬಿಯ ಮೇಲೆ ಬಾಗಿ ಕೆಳಗೆ ನೋಡಿದಳು. "ಹಂಗಾದ್ರೆ ಇನ್ನೂ ಹುಡುಕ್ತಾ ಇದಾರೆ. ನಾನು ಸಿಕ್ಕಿದೀನಿ ಅಂತ ಅವರಿಗೆ ಯಾರೂ ಹೇಳಿಲ್ಲ."

ಆಕೆ ಕೂಗಲು ಸಿದ್ಧಳಾದಳು. ತಡೆಯಬೇಕೆಂದು ನನ್ನ ವೃತ್ತಿ ಹೇಳಿತು. ತಡೆಯಲಿಲ್ಲ. ಗಾಳಿ ನಿಂತಿತ್ತು. ನಯಾಜನ ಜನ ತಿರುವಿನಾಚೆ ಹೋಗಿದ್ದರು. ಗುಂಡಿ ಬಾವುಟ ಏರಿದ ಹೊತ್ತಿನಂತೆ ಸುಮ್ಮನಿತ್ತು.

ಆಕೆ ಕೂಗಿದಳು. "ಅಪ್ಪಾ, ನಾನು ಕೆಳಗಿಲ್ಲ. ಇಲ್ಲೇ ಮೇಲಿದೀನಿ, ಬಾ."

ಗುಂಡಿ ಮಾತಿನ ತಲೆಯನ್ನು ತಿಂದಿತು. ನೀರಿನ ಮೇಲಿಂದ, ಬಡಗಣ ಗೋಡೆಯ ಬುಡದಿಂದ ಬಂದದ್ದು ಒಂದೇ.

"ಬಾ."

ಆ ಧ್ವನಿ ಹೆಂಗಸಿನದೋ ಗಂಡಸಿನದೋ ನಾನು ಹೇಳಲಾರೆ. ಕಿವಿಯನ್ನೇ ನಂಬಿ ಬದುಕಿದವನು ಹೇಳುತ್ತಿದ್ದೇನೆ. ಆಕೆ "ಹೂಂ" ಎಂದಳು, ಮನೆಯೊಳಗಿನಿಂದ ಯಾರೋ ಕರೆದರೆ ಓಗೊಡುವಂತೆ. ಒಂದು ಕಾಲು ಆಗಲೇ ಕೆಳಗಿನ ಕಂಬಿಯನ್ನು ದಾಟಿತ್ತು. ಅದು ಆಕೆಗೆ ಗೊತ್ತಿರಲಿಲ್ಲ. ಕಣ್ಣು ನೀರಿನ ಮೇಲಿತ್ತು.

ಮಣಿಕಟ್ಟು ಹಿಡಿದೆ. ತಿರುಗಲಿಲ್ಲ. "ಅಮ್ಮ" ಎಂದೆ, "ತಾಯಿ" ಎಂದೆ. ಕೇಳಿಸಲಿಲ್ಲ. ಕೈ ನನ್ನ ಹಿಡಿತದಿಂದ ಜಾರುತ್ತಿತ್ತು, ಒಳಮುಖವಾಗಿ, ಅವಸರವಿಲ್ಲದೆ.

ಗುಂಡಿಯ ಅಂಚಿನಲ್ಲಿ ನಾನು ಯಾವತ್ತೂ ಯಾರನ್ನೂ ಹೆಸರು ಹಿಡಿದು ಕರೆದವನಲ್ಲ. ಆಕೆಯ ಕಿವಿಯ ಹತ್ತಿರಕ್ಕೆ ಬಾಯಿ ತಂದು, ಗೋಡೆಗೆ ಮುಟ್ಟದಷ್ಟು ಮೆಲ್ಲಗೆ ಕರೆದೆ.

"ಮಂಜುಳಾ."

ಆಕೆ ತಿರುಗಿದಳು. ನನ್ನನ್ನು ನೋಡಿದಳು, ಆಮೇಲೆ ಕಂಬಿಯ ಆಚೆ ಇದ್ದ ತನ್ನ ಕಾಲನ್ನು. ಅದನ್ನು ಎತ್ತಿ ಈಚೆಗೆ ಇಟ್ಟಳು.

"ಬಂದೆ," ಎಂದಳು.